ಹನ್ನೊಂದು ಮೀಟರ್, ದಿನಕ್ಕೊಂದೇ ಚೆಂಡು

ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ತಪ್ಪಿದ ಹುಡುಗನ ಬಗ್ಗೆ ನಮ್ಮ ಕಡೆ ಮೈದಾನದ ಅಂಚಿನಲ್ಲಿ ಬರುವ ಮಾತು ಒಂದೇ: "ಅವ್ನಿಗೆ ಕಾಲು ಕಟ್ತು ಮಾರಾಯ." ಟಿವಿಯಲ್ಲಿ ಇಂಗ್ಲೆಂಡಿನ ಹ್ಯಾರಿ ಕೇನ್ ತಪ್ಪಿದರೂ ಅದೇ ಮಾತು, ಸಾಗರದ ಎಂಟನೇ ಕ್ಲಾಸಿನವನು ತಪ್ಪಿದರೂ ಅದೇ. ಶಿವಮೊಗ್ಗ ಸುತ್ತಿನ ಮಕ್ಕಳಿಗೆ ಶೂಟೌಟ್ (ಪಂದ್ಯ ಸಮವಾದಾಗ ಎರಡೂ ತಂಡದ ಐದೈದು ಜನ ಸರದಿಯಲ್ಲಿ ಪೆನಾಲ್ಟಿ ಹೊಡೆಯುವುದು) ತಾಲೀಮು ಕೊಡುವಾಗ ನಾನು ಮೊದಲು ಬಿಡಿಸುವುದು ಈ ಗಂಟನ್ನೇ.

ಲೆಕ್ಕ ಸರಳ. ಆಟದ ನಡುವೆ ಸಿಗುವ ಪೆನಾಲ್ಟಿಗಳಲ್ಲಿ ಸುಮಾರಾಗಿ ನಾಲ್ಕಕ್ಕೆ ಮೂರು ಗೋಲಾಗುತ್ತವೆ. ವಿಶ್ವಕಪ್ ಶೂಟೌಟ್‌ಗಳಲ್ಲಿ ಅದು ಹತ್ತಕ್ಕೆ ಏಳರ ಆಸುಪಾಸಿಗೆ ಇಳಿಯುತ್ತದೆ. ಐವರೂ ನಾಲ್ಕಕ್ಕೆ ಮೂರು ಹೊಡೆಯುವವರೇ ಎಂದಿಟ್ಟುಕೊಳ್ಳಿ. 0.75ನ್ನು ಐದು ಸಲ ಗುಣಿಸಿದರೆ 0.24 ಬರುತ್ತದೆ. ಅಂದರೆ ಯಾರಿಗೂ ಯಾವ ಭಯವೂ ಇಲ್ಲದಿದ್ದರೂ ನಾಲ್ಕು ಶೂಟೌಟ್‌ಗಳಲ್ಲಿ ಮೂರರಲ್ಲಿ ನಿಮ್ಮ ತಂಡದ ಒಬ್ಬನಾದರೂ ತಪ್ಪುತ್ತಾನೆ. ಒಂದು ತಪ್ಪನ್ನು ಹಿಡಿದುಕೊಂಡು ಇವನು ಒತ್ತಡಕ್ಕೆ ಕುಸಿದ ಎನ್ನಲು ಬರುವುದಿಲ್ಲ.

ಹಾಗಂತ ಒತ್ತಡವೇ ಸುಳ್ಳು ಎನ್ನಲೂ ಬರುವುದಿಲ್ಲ. ನಾರ್ವೆಯ ಸಂಶೋಧಕ ಗೈರ್ ಯೊರ್ಡೆಟ್ ದೊಡ್ಡ ಟೂರ್ನಿಗಳ ಶೂಟೌಟ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರು. ಹೊಡೆದರೆ ಗೆದ್ದೆವು ಎನ್ನುವ ಒದೆತಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಗೋಲಾಗಿವೆ. ತಪ್ಪಿದರೆ ಸೋತೆವು ಎನ್ನುವಲ್ಲಿ ಅದು ಹತ್ತಕ್ಕೆ ಆರರ ಹತ್ತಿರಕ್ಕೆ ಬಿದ್ದಿದೆ. ಅದೇ ದರ್ಜೆಯ ಆಟಗಾರರು, ಅದೇ ಹನ್ನೊಂದು ಮೀಟರ್. ಆದರೂ ಇದು ಹಣೆಬರಹವಲ್ಲ. 2021ರ ಜುಲೈ 11ರಂದು ವೆಂಬ್ಲಿಯ ಯೂರೋ ಫೈನಲ್‌ನಲ್ಲಿ ಹೊಡೆದಿದ್ದರೆ ಇಟಲಿ ಗೆದ್ದೇಬಿಡುತ್ತಿದ್ದ ಚೆಂಡನ್ನು ಜೋರ್ಜಿನ್ಯೊ ಹೊಡೆದರು, ಇಂಗ್ಲೆಂಡಿನ ಕೀಪರ್ ಪಿಕ್‌ಫೋರ್ಡ್ ಹಿಡಿದರು. ಮರುಕ್ಷಣವೇ ಇಂಗ್ಲೆಂಡಿನ ಸಾಕಾ ಹೊಡೆದದ್ದನ್ನು ಇಟಲಿಯ ಕೀಪರ್ ದೊನ್ನರುಮ್ಮಾ ತಡೆದರು.

ಒಳಗೆ ಆಗುವುದೇನು ಎಂದು ಮಕ್ಕಳಿಗೆ ಹೇಳಲು ಮಲೆನಾಡಿನಲ್ಲಿ ಸಂಕಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ದಿನಾ ಹಳ್ಳ ದಾಟುವ ಅಡಿಕೆ ಮರದ ಸಂಕ. ಮಾತಾಡುತ್ತಾ ದಾಟಿದರೆ ಏನೂ ಆಗುವುದಿಲ್ಲ. ಹಳ್ಳ ತುಂಬಿ ಹರಿಯುವ ದಿನ ಪಾದ ಎಲ್ಲಿಡಲಿ ಎಂದು ಪ್ರತಿ ಹೆಜ್ಜೆ ನೋಡತೊಡಗಿದರೆ ಕಾಲು ನಡುಗುತ್ತದೆ. ಸಂಕ ಬದಲಾಗಿಲ್ಲ, ಕಾಲೂ ಬದಲಾಗಿಲ್ಲ. ಸಾವಿರ ಸಲ ಮಾಡಿ ಮೈಗೆ ಹತ್ತಿದ ಕೆಲಸಕ್ಕೆ ತಲೆ ಮೇಸ್ತ್ರಿಯಾಗಿ ಬಂದು ನಿಂತಾಗ ಕೆಲಸ ಕೆಡುತ್ತದೆ. ಪೆನಾಲ್ಟಿಯಲ್ಲಿ ಇದರ ಜೊತೆ ಇನ್ನೆರಡು ಸೇರುತ್ತವೆ. ಹೆದರಿದವನ ಕಣ್ಣು ಗೋಲ್‌ಕೀಪರ್ ಕಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಕಣ್ಣು ಹೋದಲ್ಲಿಗೇ ಚೆಂಡೂ ಹೋಗುತ್ತದೆ. ಮತ್ತೆ, ಒಮ್ಮೆ ಮುಗಿದರೆ ಸಾಕು ಎನ್ನುವ ಆತುರ. ಸೀಟಿ ಊದಿದ ತಕ್ಷಣ ಓಡುವವರು ತುಸು ನಿಂತು ಓಡುವವರಿಗಿಂತ ಹೆಚ್ಚು ತಪ್ಪುತ್ತಾರೆ ಎಂಬುದೂ ಯೊರ್ಡೆಟ್ ಅವರ ಕೆಲಸದಲ್ಲಿ ಕಂಡ ವಿಷಯ. ಈ ಮೂರಕ್ಕೂ ತಾಲೀಮಿನಲ್ಲಿ ಮದ್ದಿದೆ.

ಮೊದಲು ನೆಲ. ಗೋಲಿನ ಒಳ ಅಗಲ 7.32 ಮೀ, ಎತ್ತರ 2.44 ಮೀ, ಗುರುತು ಗೋಲ್ ಗೆರೆಯ ನಡುವಿನಿಂದ 12 ಗಜ, ಅಂದರೆ 10.97 ಮೀ. ಶಾಲೆಯ ಬಯಲುಗಳಲ್ಲಿ ಗುರುತನ್ನು ಹೆಜ್ಜೆ ಅಳೆದು ಹಾಕಿರುತ್ತಾರೆ, ಅರ್ಧ ಮೀಟರ್ ಆಚೀಚೆ ಆಗಿರುತ್ತದೆ. ನಾನು ಹಿಗ್ಗದ ನೈಲಾನ್ ಹಗ್ಗಕ್ಕೆ 10.97ರಲ್ಲಿ ಒಂದು ಗಂಟು, 7.32ರಲ್ಲಿ ಇನ್ನೊಂದು ಗಂಟು ಹಾಕಿ ಕಿಟ್ ಚೀಲದಲ್ಲೇ ಇಟ್ಟಿರುತ್ತೇನೆ. ಚೆಂಡು 5ನೇ ಸೈಜ್, ತೂಕ 410ರಿಂದ 450 ಗ್ರಾಂ. ಗಾಳಿ 0.8 ಬಾರ್, ಪಂಪಿನ ಮುಳ್ಳಿನಲ್ಲಿ ಸುಮಾರು 12 ಪಿಎಸ್‌ಐ. ಮೆತ್ತಗಿನ ಚೆಂಡಿನಲ್ಲಿ ಕಲಿತವನು ಪಂದ್ಯದ ಗಟ್ಟಿ ಚೆಂಡನ್ನು ಅದೇ ಬಲದಲ್ಲಿ ಒದ್ದರೆ ಅದು ಮೇಲಿನ ಕಂಬಿ ದಾಟುತ್ತದೆ.

ಮಳೆಗಾಲದಲ್ಲಿ ನೆಲವೇ ಅರ್ಧ ಆಟ. 2008ರ ಮೇ 21ರಂದು ಮಾಸ್ಕೋದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನ ಶೂಟೌಟ್‌ನಲ್ಲಿ, ಸುರಿಯುವ ಮಳೆಯಲ್ಲಿ ಚೆಲ್ಸಿಯ ಜಾನ್ ಟೆರ್ರಿಗೆ ಗೆಲುವಿನ ಒದೆತ ಸಿಕ್ಕಿತ್ತು. ಊರುಗಾಲು (ಒದೆಯುವಾಗ ನೆಲದ ಮೇಲೆ ಊರುವ ಕಾಲು) ಜಾರಿತು, ಚೆಂಡು ಕಂಬಕ್ಕೆ ಬಡಿದು ಹೊರಹೋಯಿತು. 2004ರಲ್ಲಿ ಲಿಸ್ಬನ್‌ನಲ್ಲಿ ಇಂಗ್ಲೆಂಡಿನ ಬೆಕ್‌ಹ್ಯಾಮ್ ಅವರದ್ದೂ ಕಾಲೂರಿದ ಜಾಗದ ಸಡಿಲ ಹುಲ್ಲು ಜರುಗಿ ಮೇಲೆ ಹೋಯಿತು. ಇವನ್ನು ಎದೆಗಾರಿಕೆಯ ಖಾತೆಗೆ ಬರೆಯಬೇಡಿ. ಶೂಟೌಟ್ ನಡೆಯುವ ಹೊತ್ತಿಗೆ ಗುರುತಿನ ಪಕ್ಕ ಹತ್ತು ಜನರ ಊರುಗಾಲು ಬಿದ್ದು ಕೆಸರಿನ ಗುಳಿ ಆಗಿರುತ್ತದೆ. ನಿಯಮದ ಪ್ರಕಾರ ಚೆಂಡಿನ ಒಂದು ಭಾಗ ಗುರುತಿನ ನಡುಬಿಂದುವನ್ನು ಮುಟ್ಟಿದ್ದರೆ ಅಥವಾ ಅದರ ಮೇಲೆ ಚಾಚಿದ್ದರೆ ಸಾಕು. ಚೆಂಡಿನ ಅರ್ಧ ಅಗಲ 11 ಸೆಂ.ಮೀ. ಅಷ್ಟರೊಳಗೆ ಹಿಂದೆ ಮುಂದೆ ಸರಿಸಿ ಗಟ್ಟಿ ನೆಲ ಹುಡುಕಿಕೊಳ್ಳಬಹುದು. ಚೆಂಡು ಇಡುವ ಮೊದಲು ಕಾಲೂರುವ ಜಾಗವನ್ನು ಬೂಟಿನಿಂದ ಎರಡು ಸಲ ತುಳಿದು ನೋಡುವುದನ್ನೂ ಕಲಿಸುತ್ತೇನೆ. ಜುಲೈ ತಿಂಗಳಲ್ಲಿ ತಾಲೀಮು ನಿಲ್ಲಿಸುವುದಿಲ್ಲ, ಜಾರುವ ನೆಲದಲ್ಲಿ ಓಟವನ್ನು ಐದು ಹೆಜ್ಜೆಯಿಂದ ನಾಲ್ಕಕ್ಕೆ ಇಳಿಸುತ್ತೇನೆ, ಅಷ್ಟೆ.

ಒದೆಯುವುದನ್ನು ಕಲಿಯುವುದು, ಒದೆತವನ್ನು ಪರೀಕ್ಷೆಗೆ ಒಡ್ಡುವುದು ಇವೆರಡನ್ನೂ ಬೇರೆ ಬೇರೆ ದಿನ ಇಡುವುದು ನನ್ನ ಪದ್ಧತಿಯ ಬೆನ್ನೆಲುಬು. ಮಂಗಳವಾರ ಕಲಿಕೆ. ಎರಡೂ ಕಂಬಗಳಿಂದ ಒಂದು ಮೀಟರ್ ಒಳಗೆ ಮೇಲಿನ ಕಂಬಿಯಿಂದ ಹಗ್ಗ ಇಳಿಬಿಟ್ಟು, ತುದಿಗೆ ಮರಳು ತುಂಬಿದ ಪುಟ್ಟ ಚೀಲ ಕಟ್ಟುತ್ತೇನೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಜಾಗಕ್ಕೆ ನಾವು ಪಟ್ಟಿ ಎನ್ನುತ್ತೇವೆ. ಕೀಪರ್ ಇರುವುದಿಲ್ಲ. ಒಬ್ಬೊಬ್ಬನಿಗೆ 12 ಚೆಂಡು: ಎಡಪಟ್ಟಿಗೆ 6, ಬಲಪಟ್ಟಿಗೆ 6. ಊರುಗಾಲು ಚೆಂಡಿನ ಪಕ್ಕ ಒಂದು ಗೇಣು ದೂರದಲ್ಲಿರಬೇಕು, ಬೆರಳು ಗುರಿಯ ಕಡೆಗಿರಬೇಕು, ಎದೆ ಚೆಂಡಿನ ಮೇಲಿರಬೇಕು. ಕಾಲು, ಸೊಂಟ, ಎದೆ ಎಂದೆಲ್ಲ ಮಾತಾಡುವುದು ಅವತ್ತು ಮಾತ್ರ. 12ರಲ್ಲಿ 9 ಪಟ್ಟಿಯೊಳಗೆ ಬೀಳುವವರೆಗೆ ಬಲ ಹೆಚ್ಚಿಸಲು ಬಿಡುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿನಲ್ಲಿ ಗೆರೆ ಮುಟ್ಟುತ್ತದೆ. ಕಂಬದ ಬದಿಯ ಪಟ್ಟಿಗೆ ಅದಕ್ಕಿಂತ ಹೆಚ್ಚಿನ ವೇಗ ಬೇಕಿಲ್ಲ.

ಉಳಿದ ದಿನಗಳಲ್ಲಿ ಪ್ರತಿಯೊಬ್ಬನಿಗೂ ಒಂದೇ ಚೆಂಡು. ತಾಲೀಮಿನ ಕೊನೆಗೆ, ಮೈ ದಣಿದಾಗ, ಒಂದೇ ಒಂದು. ತಪ್ಪಿದರೆ ಇನ್ನೊಂದಿಲ್ಲ, ನಾಳೆಯೇ. ಐವತ್ತು ಸಲ ಒದ್ದು ನಲವತ್ತು ಗೋಲು ಹೊಡೆದವನಿಗೆ ಸಿಗುವ ಧೈರ್ಯ ಮೈ ಬಿಸಿಯಾದ ಮೇಲಿನ ನಲವತ್ತರದ್ದು. ಪಂದ್ಯದಲ್ಲಿ ಸಿಗುವುದು ಮೊದಲನೆಯದು ಮಾತ್ರ. ದಿನಕ್ಕೊಂದರಂತೆ ಇಪ್ಪತ್ತು ವಾರದಲ್ಲಿ ಒಬ್ಬನಿಗೆ 80ಕ್ಕೂ ಹೆಚ್ಚು ಮೊದಲ ಒದೆತಗಳಾಗುತ್ತವೆ. ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ ಎಂದು ಹೊಸ ಕೋಚ್‌ಗಳಿಗೆ ನಾನು ಒತ್ತಿ ಹೇಳುವುದುಂಟು.

ಆ ಒಂದು ಚೆಂಡಿಗೆ ಪೂರ್ತಿ ಶಾಸ್ತ್ರ ಬೇಕು. 40 ಮೀಟರಿನ ಆರು ಓಟ ಮುಗಿಸಿ ಎಲ್ಲರೂ ನಡುವೃತ್ತದಲ್ಲಿ ನಿಲ್ಲುತ್ತಾರೆ. ಹೆಸರು ಕರೆದವನು ಒಬ್ಬನೇ ನಡೆದು ಬರುತ್ತಾನೆ. 105 ಮೀಟರ್ ಮೈದಾನದಲ್ಲಿ ನಡುಗೆರೆಯಿಂದ ಗುರುತಿಗೆ 41 ಮೀಟರಿಗೂ ಹೆಚ್ಚು, ಸುಮಾರು ಅರ್ಧ ನಿಮಿಷದ ನಡಿಗೆ. ಮನಸ್ಸು ಕೆಡುವುದು ಅಲ್ಲೇ, ಹಾಗಾಗಿ ಆ ನಡಿಗೆಗೂ ತಾಲೀಮು ಬೇಕು. ಎಲ್ಲಿ ಹೊಡೆಯುವುದು ಎನ್ನುವುದು ವೃತ್ತ ಬಿಡುವ ಮೊದಲೇ ತೀರ್ಮಾನವಾಗಿರಬೇಕು. ನನ್ನ ಕಿವಿಯಲ್ಲಿ "ಎಡ" ಅಥವಾ "ಬಲ" ಎಂದು ಹೇಳಿ ಹೊರಡಬೇಕು. ಚೆಂಡನ್ನು ತಾನೇ ಇಡಬೇಕು, ಒದ್ದೆಯಿದ್ದರೆ ಜರ್ಸಿಗೆ ಒರೆಸಬೇಕು. ಹಿಂದೆ ಹೋಗುವಾಗ ಚೆಂಡಿಗೆ ಬೆನ್ನು ಹಾಕುವಂತಿಲ್ಲ. ಗುರಿಯ ಪಟ್ಟಿಯನ್ನು ಒಮ್ಮೆ ನೋಡಿ ಕಣ್ಣನ್ನು ಚೆಂಡಿಗೆ ತರಬೇಕು. ಸೀಟಿ ಆದ ಮೇಲೆ ಒಂದು ಉಸಿರು ಪೂರ್ತಿ ಹೊರಬಿಟ್ಟು ಆಮೇಲೆ ಓಟ, ಒಂದೂವರೆ ಸೆಕೆಂಡಾದರೂ ಆಗಬೇಕು. ಓಟ ಶುರುವಾದ ಮೇಲೆ ದಿಕ್ಕು ಬದಲಿಸಿದರೆ ಗೋಲಾದರೂ ನನ್ನ ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂದೇ ಬರೆಯುತ್ತೇನೆ.

ಕೀಪರ್ ಯಾವ ಕಡೆ ಹಾರುತ್ತಾನೋ ನೋಡಿಕೊಂಡು ಹೊಡೆಯುವ ಇನ್ನೊಂದು ವಿದ್ಯೆ ಇದೆ. ಜೋರ್ಜಿನ್ಯೊ ಅವರ ಜಿಗಿತ ಅದೇ ಜಾತಿಯದು. ಕೀಪರ್ ಬೇಗ ಅಲುಗಿದರೆ ಸುಲಭ, ಅಲುಗದೆ ನಿಂತರೆ ಒದೆಯುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹದಿನಾರು ತುಂಬದವರಿಗೆ ನಾನು ಅದನ್ನು ಕಲಿಸುವುದಿಲ್ಲ.

ತಪ್ಪುಗಳಿಗೆ ಒಂದೊಂದಕ್ಕೂ ಒಂದು ಚಹರೆ ಇದೆ. ಚೆಂಡು ಮೇಲೆ ಹೋದರೆ ಊರುಗಾಲು ಚೆಂಡಿನ ಹಿಂದೆ ಬಿದ್ದಿದೆ, ಮೈ ಹಿಂದಕ್ಕೆ ವಾಲಿದೆ. ಬಹುತೇಕ ಇದು ಬಲ ಹಾಕಹೋದ ಫಲ. ಮದ್ದು ಮಂಗಳವಾರದ ಪಟ್ಟಿ. ಚೆಂಡು ನೇರ ಕೀಪರ್ ಕೈಗೆ ಹೋದರೆ ಕಣ್ಣು ಕೊನೆಗಳಿಗೆಯಲ್ಲಿ ಅವನ ಮೇಲಿತ್ತು. ಅಂಥವನಿಗೆ ಒಂದು ವಾರ ಚೆಂಡಿನ ಮೇಲೆ ಸುಣ್ಣದಲ್ಲಿ ಒಂದು ಅಂಕಿ ಬರೆದು, ಒದ್ದ ಮೇಲೆ ಅದೇನೆಂದು ಕೇಳುತ್ತೇನೆ. ಚೆಂಡು ಮೆತ್ತಗೆ ಉರುಳಿದರೆ ನಡುದಾರಿಯಲ್ಲಿ ಮನಸ್ಸು ಬದಲಾಗಿದೆ. ಕಂಬದ ಪಕ್ಕದ ಪಟ್ಟಿಗೇ ಹೋದ ಚೆಂಡನ್ನು ಕೀಪರ್ ಹಾರಿ ತಡೆದರೆ ಅದು ತಪ್ಪೇ ಅಲ್ಲ, ಕೀಪರ್‌ಗೆ ಕೈಕುಲುಕಿ ಬರಬೇಕು. ಈ ಭೇದ ಮಾಡದೆ ಎಲ್ಲರಿಗೂ "ಧೈರ್ಯ ಸಾಲದು" ಎನ್ನುವ ಕೋಚ್, ಚೆನ್ನಾಗಿ ಹೊಡೆದವನನ್ನೂ ಬದಲಾಯಿಸಿ ಕೆಡಿಸುತ್ತಾನೆ.

ಪಂದ್ಯದ ಒತ್ತಡವನ್ನು ಪೂರ್ತಿ ತರಲು ಆಗುವುದಿಲ್ಲ, ಅದರ ರುಚಿ ಹತ್ತಿಸಬಹುದು. ಶನಿವಾರ ಎರಡು ತಂಡ ಮಾಡಿ ನಿಜವಾದ ಶೂಟೌಟ್: ಟಾಸ್, ಕೀಪರ್, ಸೀಟಿ, ಗೋಲಿನ ಹಿಂದೆ ಎದುರು ತಂಡದವರು ನಿಂತು ಡಬ್ಬ ಬಡಿದು ಕೂಗುವುದು. ಒಂದು ಫೋನ್ ಇಟ್ಟು ವಿಡಿಯೊ ಮಾಡಿಸುತ್ತೇನೆ. ಯಾರೋ ನೋಡುತ್ತಿದ್ದಾರೆ ಎಂಬ ಅರಿವೇ ಎದೆಬಡಿತ ಏರಿಸುತ್ತದೆ, ಸೀಟಿಯ ನಂತರ ಎಷ್ಟು ಹೊತ್ತು ನಿಂತ ಎಂದು ಆಮೇಲೆ ಎಣಿಸಲೂ ಬರುತ್ತದೆ. ಸೋತ ತಂಡ ನೆಟ್ ಸುತ್ತಿ ಚೆಂಡಿನ ಚೀಲ ಹೊತ್ತು ತರಬೇಕು. ತಪ್ಪಿದವನೊಬ್ಬನಿಗೆ ಶಿಕ್ಷೆ, ಅಣಕ, ಮೈದಾನ ಸುತ್ತಿಸುವುದು ಇವನ್ನು ಬಿಲ್ಕುಲ್ ಮಾಡಬಾರದು. ನಗುವವರ ಭಯ ಹತ್ತಿಸಿಕೊಂಡವನು ಮುಂದಿನ ಸಲ ಬೇಗ ಮುಗಿಸಲು ಓಡುತ್ತಾನೆ. ತಪ್ಪಿ ವಾಪಸು ಬರುವವನನ್ನು ಇಬ್ಬರು ಅರ್ಧ ದಾರಿಗೆ ಹೋಗಿ ಕರೆತರಬೇಕು ಎಂಬುದು ನಮ್ಮಲ್ಲಿ ನಿಯಮ.

ಕೋಚ್‌ನ ಬಾಯಿಗೂ ತಾಲೀಮು ಬೇಕು. "ಮೇಲೆ ಹೊಡೀಬೇಡ", "ಕೀಪರ್ ನೋಡ್ಬೇಡ" ಎಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಬೇಡದ್ದನ್ನು ಹೇಳದೆ ಬೇಕಾದ್ದನ್ನು ಹೇಳಬೇಕು: "ಎಡಪಟ್ಟಿ. ಉಸಿರು ಬಿಟ್ಟು ಹೋಗು." ಅಷ್ಟೇ ಸಾಕು.

ಹೆಸರಿನ ಪಟ್ಟಿ ಪಂದ್ಯದ ಹಿಂದಿನ ದಿನವೇ ಎಂಟು ಜನರವರೆಗೆ ಸಿದ್ಧವಿರಬೇಕು. ಬಳಲಿದ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು "ಯಾರು ಹೊಡಿತೀರಾ?" ಎಂದು ಕೇಳಿದರೆ ತಲೆ ತಗ್ಗಿಸಿದವರೆಲ್ಲ ಅಲ್ಲೇ ಅರ್ಧ ಸೋತಿರುತ್ತಾರೆ. ಎಂಟು ಏಕೆಂದರೆ ಐದಕ್ಕೆ ಮುಗಿಯುವ ಖಾತ್ರಿ ಇಲ್ಲ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಟೂರ್ನಿ) ಫೈನಲ್‌ನ ಶೂಟೌಟ್‌ನಲ್ಲಿ ಭಾರತದ ಪರ ಉದಾಂತ ಸಿಂಗ್ ತಪ್ಪಿದರು. ಆರನೆಯವರಾಗಿ ಬಂದ ಮಹೇಶ್ ಸಿಂಗ್ ಹೊಡೆದರು, ಕುವೈತ್‌ನ ಆರನೆಯದನ್ನು ನಮ್ಮ ಕೀಪರ್ ಗುರ್‌ಪ್ರೀತ್ ತಡೆದರು, ಭಾರತ 5-4ರಿಂದ ಗೆದ್ದಿತು. ಆರನೆಯವನಿಗೂ ಮೊದಲನೆಯವನಷ್ಟೇ ತಾಲೀಮು ಬೇಕು. ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವನನ್ನು ಐದನೆಯವನಾಗಿ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. 2012ರ ಯೂರೋ ಸೆಮಿಫೈನಲ್‌ನಲ್ಲಿ ರೊನಾಲ್ಡೊ, 2022ರ ಫೆಬ್ರವರಿಯ ಆಫ್ರಿಕಾ ಕಪ್ ಫೈನಲ್‌ನಲ್ಲಿ ಸಲಾಹ್ ಸರದಿಗೆ ಕಾಯುತ್ತಿದ್ದಾಗಲೇ ಅವರ ತಂಡಗಳು ಸೋತಿದ್ದವು. ಅವನನ್ನು ಮೊದಲು ಕಳಿಸಿ, ನಾಲ್ಕನೆಯ ಸ್ಥಾನಕ್ಕೆ ಪುಸ್ತಕದಲ್ಲಿ ಯಾರ ಸಾಲು ಅಲುಗಾಡದೆ ನಿಂತಿದೆಯೋ ಅವನನ್ನು ಇಡಿ. ಕೊನೆಯ ನಿಮಿಷದಲ್ಲಿ ಬೆಂಚಿನಿಂದ ಎಬ್ಬಿಸಿ ಪೆನಾಲ್ಟಿಗೆಂದೇ ಇಳಿಸುವುದಿದ್ದರೆ ಹತ್ತು ನಿಮಿಷವಾದರೂ ಮುಂಚೆ ಇಳಿಸಿ, ಅವನ ಕಾಲಿಗೆ ಚೆಂಡು ನಾಲ್ಕಾರು ಸಲ ತಾಗಲಿ.

ಪುಸ್ತಕ ಎಂದರೆ ನೂರು ಪುಟದ ಗೆರೆ ನೋಟ್‌ಬುಕ್. ತಾರೀಖು, ಹೆಸರು, ಹೇಳಿದ ದಿಕ್ಕು, ಹೊಡೆದ ದಿಕ್ಕು, ಸೀಟಿಯ ನಂತರದ ಸೆಕೆಂಡು, ಫಲ. ಫಲದ ಕಾಲಂನಲ್ಲಿ ಗೋಲಿಗೆ ಗೋ, ತಡೆದದ್ದಕ್ಕೆ ತ, ಹೊರಗೆ ಹೋದದ್ದಕ್ಕೆ ಹೊ. ಮೂವತ್ತು ಸಾಲು ತುಂಬುವವರೆಗೆ ಯಾರ ಬಗ್ಗೆಯೂ ತೀರ್ಪು ಕೊಡುವುದಿಲ್ಲ. ಆಮೇಲೆ ವಾರದ ದಿನಗಳ ಸಾಲುಗಳನ್ನೂ ಶನಿವಾರದವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ವಾರದಲ್ಲಿ ಹೊಡೆದು ಶನಿವಾರ ಮಾತ್ರ ತಪ್ಪುವವನು ಇದ್ದರೆ ಮೊದಲು ಅವನ ಸೆಕೆಂಡಿನ ಕಾಲಂ ನೋಡುತ್ತೇನೆ. ಅಲ್ಲಿ 1.5 ಇದ್ದದ್ದು 0.5ಕ್ಕೆ ಇಳಿದಿದ್ದರೆ ಅವನ ಕಾಲನ್ನು ಮುಟ್ಟಲು ಹೋಗುವುದಿಲ್ಲ. ಮುಂದಿನ ಸೋಮವಾರದಿಂದ ಸೀಟಿ ಅವನ ಬಾಯಿಗೆ ಕೊಟ್ಟು, ಉಸಿರು ಬಿಟ್ಟ ಮೇಲೆ ಅವನೇ ಊದಿಕೊಂಡು ಓಡಲಿ ಎನ್ನುತ್ತೇನೆ. ಎರಡು ವಾರ ಕಳೆದ ಮೇಲೆ ಸೀಟಿ ವಾಪಸು ನನ್ನ ಕೈಗೆ.