ಬ್ಲೋಟ್ ಮಾಡುವುದು ಹೇಗೆ?

ವೈಕಿಂಗ್ ಅಂದ ಕೂಡಲೇ ಕೊಂಬಿನ ಹೆಲ್ಮೆಟ್ ಕಣ್ಮುಂದೆ ಬರುತ್ತದೆ, ಅಲ್ವಾ? ಅದು 19ನೇ ಶತಮಾನದ ಆಪೆರಾ ವೇಷದಿಂದ ಹಬ್ಬಿದ ಕಲ್ಪನೆ. ಬ್ಲೋಟ್ ಅಂದರೆ ಉತ್ತರ ಯೂರೋಪಿನ ಹಳೆಯ ದೇವರುಗಳಿಗೆ ಅರ್ಪಿಸುವ ಆಚರಣೆ. ಅದಕ್ಕೂ ಕೊಂಬು ಬೇಕು, ಆದರೆ ಕುಡಿಯಲು.

ಓಡಿನ್, ಥಾರ್, ಫ್ರೇ, ಫ್ರೇಯಾ ಮುಂತಾದ ದೇವರುಗಳ ಹಳೆಯ ಧರ್ಮವನ್ನು ಬಿಟ್ಟು ಐಸ್‌ಲ್ಯಾಂಡ್ ಸುಮಾರು ಕ್ರಿ.ಶ. 1000ದಲ್ಲಿ ಕ್ರೈಸ್ತವಾಯಿತು. 1972ರಲ್ಲಿ ಅದೇ ನೆಲದಲ್ಲಿ ಆ ಹಳೆಯ ದೇವರುಗಳನ್ನು ಮತ್ತೆ ನೆನೆಯುವ ಆಸಾತ್ರೂ ಸಂಘ ಶುರುವಾಗಿ, ಮರುವರ್ಷ ಸರ್ಕಾರದ ಮಾನ್ಯತೆ ಪಡೆಯಿತು. ಇವರ ಮುಖ್ಯ ಆಚರಣೆಯೇ ಬ್ಲೋಟ್. ಹಿಂದೆ ಕುದುರೆ ಬಲಿ ಕೊಟ್ಟು, ರಕ್ತವನ್ನು ಕಡ್ಡಿಗಳಿಂದ ಚಿಮುಕಿಸುತ್ತಿದ್ದರೆಂದು ಸಾಗಾಗಳು, ಅಂದರೆ ಐಸ್‌ಲ್ಯಾಂಡಿನ ಹಳೆಯ ಕಥನಗಳು, ಹೇಳುತ್ತವೆ. ಈಗ ಸಂಘದಲ್ಲಿ ಬಲಿ ಇಲ್ಲ, ಪಾನೀಯ ಮತ್ತು ಊಟ ಮಾತ್ರ.

ಹಂತ 1: ಬಯಲಲ್ಲಿ ದುಂಡಗೆ ನಿಲ್ಲಿ. ಬೆಂಕಿ ಹಾಕಿದರೆ ಒಳ್ಳೆಯದು.

ಹಂತ 2: ಕೊಂಬಿಗೆ ಮೀಡ್, ಅಂದರೆ ಜೇನಿನ ಮದ್ಯ, ಸುರಿಯಿರಿ. ಕುಡಿಯದವರಿಗೆ ಸೇಬಿನ ರಸ ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಲಂಕಾರದ ಕೊಂಬು ಬೇಡವೇ ಬೇಡ. ಒಳಗೆ ಸರಿಯಾದ ಲೇಪನ ಇರುವುದಿಲ್ಲ, ಮೀಡಿಗೆ ಕೊಟ್ಟಿಗೆ ವಾಸನೆ ಬರುತ್ತದೆ. ಅದೇ ಅಂಗಡಿಯವನು ರೂನ್, ಅಂದರೆ ಆ ಕಾಲದ ಲಿಪಿಯ ಅಕ್ಷರ, ಕೆತ್ತಿದ ಕಲ್ಲುಗಳನ್ನೂ ತೋರಿಸುತ್ತಾನೆ. ಹಳೆಯ ರೂನ್ ಅಕ್ಷರಗಳು 24. ಜೊತೆಗಿರುವ 25ನೆಯ ಖಾಲಿ ಕಲ್ಲು 1980ರ ದಶಕದ ಸೇರ್ಪಡೆ. ಅದಕ್ಕೆ ದುಡ್ಡು ಕೊಡಬೇಡಿ.

ಹಂತ 3: ಕೊಂಬಿನ ಮೇಲೆ ಥಾರ್‌ನ ಸುತ್ತಿಗೆಯ ಗುರುತು ಮಾಡಿ. ಹಳೆಯ ಕಾಲದಲ್ಲಿ ನಾರ್ವೆಯನ್ನಾಳಿದ ರಾಜ ಹಾಕೋನ್ ಕ್ರೈಸ್ತ, ಅವನ ಜನ ಹಳೆಯ ಧರ್ಮದವರು. ಒಂದು ಬ್ಲೋಟಿನಲ್ಲಿ ಕೊಂಬಿನ ಮೇಲೆ ಶಿಲುಬೆ ಗುರುತು ಮಾಡಿ ಜನರ ಕೈಗೆ ಸಿಕ್ಕಿಬಿದ್ದ. ಪಕ್ಕದಲ್ಲಿದ್ದ ಅವನ ಸರದಾರ ಸಿಗುರ್ಡ್, ‘ಅದು ಥಾರ್‌ನ ಸುತ್ತಿಗೆ’ ಎಂದು ಹೇಳಿ ಅವನನ್ನು ಪಾರು ಮಾಡಿದನಂತೆ.

ಹಂತ 4: ಕುಡಿಯುವುದು. ಹೊಸಬರು ಕೊಂಬಿನ ತುದಿಯನ್ನು ಆಕಾಶಕ್ಕೆತ್ತಿ ಕುಡಿಯುತ್ತಾರೆ. ತುದಿಯೊಳಗೆ ಗಾಳಿ ನುಗ್ಗಿದ ಕೂಡಲೇ ಮೀಡೆಲ್ಲ ಗುಳಕ್ಕನೆ ಮುಖಕ್ಕೆ ರಾಚುತ್ತದೆ. ಗಡ್ಡದವರ ಪಾಡಂತೂ ಕೇಳಲೇಬೇಡಿ. ತುದಿ ಪಕ್ಕಕ್ಕೆ ಬರುವಂತೆ ಕೊಂಬನ್ನು ತಿರುಗಿಸಿ, ಮೆಲ್ಲಗೆ ವಾಲಿಸುತ್ತಾ ಸಣ್ಣ ಗುಟುಕು ಕುಡಿಯಿರಿ. ಮುಗಿದ ಮೇಲೆ ಪಕ್ಕದವರಿಗೆ ಕೊಡಿ.

ಹಂತ 5: ಮಾತು. ಜಾಸ್ತಿ ಜನ ಎಡವುವುದು ಇಲ್ಲೇ. ಸಾಗಾಗಳ ಕ್ರಮ ಹೀಗಿದೆ: ಮೊದಲು ಓಡಿನ್ ಹೆಸರಲ್ಲಿ ಗೆಲುವಿಗಾಗಿ, ಆಮೇಲೆ ನ್ಯೋರ್ಡ್ ಮತ್ತು ಫ್ರೇ ಹೆಸರಲ್ಲಿ ಬೆಳೆ ಮತ್ತು ನೆಮ್ಮದಿಗಾಗಿ, ಕೊನೆಗೆ ಸತ್ತ ಬಂಧುಗಳ ನೆನಪಿಗೆ ಕುಡಿಯಬೇಕು. ಹೊಸಬರು ಕೊಂಬು ಹಿಡಿದು ಕೆಲಸ ಕೊಡು, ಮನೆ ಕೊಡು ಎಂದು ಪಟ್ಟಿ ಓದುತ್ತಾರೆ. ಅದು ತಪ್ಪು. ಬ್ಲೋಟ್ ನಮ್ಮ ಮದುವೆಮನೆಯ ಮುಯ್ಯಿಯ ಲೆಕ್ಕದಂತೆ: ಕೊಟ್ಟವರಿಗೆ ತಿರುಗಿ ಕೊಡಬೇಕು. ಕೊಡುಗೆ ಯಾವಾಗಲೂ ಮರುಕೊಡುಗೆ ಕೇಳುತ್ತದೆ, ಅತಿಯಾಗಿ ಅರ್ಪಿಸುವುದಕ್ಕಿಂತ ಕೇಳದಿರುವುದೇ ಮೇಲು ಎಂದು ‘ಹಾವಮಾಲ್’ ಎಂಬ ಹಳೆಯ ನೀತಿಕಾವ್ಯ ಕೂಡ ಎಚ್ಚರಿಸುತ್ತದೆ. ಆದ್ದರಿಂದ ಏನಾದರೂ ಕೇಳುವುದಿದ್ದರೆ, ನೀವೇನು ಕೊಡುತ್ತೀರಿ ಎಂಬುದನ್ನು ಮೊದಲು ಹೇಳಿ.

ಇನ್ನು ಆಣೆ. ಆಣೆಗೆಂದು ಇಟ್ಟ ಉಂಗುರ ಮುಟ್ಟಿ ಎಲ್ಲರೆದುರು ಆಡಿದ ಮಾತನ್ನು ಅಲ್ಲಿ ನಿಂತವರು ಮರೆಯುವುದಿಲ್ಲ. ಎರಡನೇ ಕೊಂಬಿನ ಅಮಲಲ್ಲಿ ‘ಇನ್ನು ಸುಳ್ಳೇ ಹೇಳಲ್ಲ’ ಎಂದು ಆಣೆ ಇಟ್ಟವರನ್ನು ಕಂಡಿದ್ದೇನೆ. ಅದು ಯಾರಿಂದಲೂ ಆಗದ ಕೆಲಸ. ‘ಮುಂದಿನ ಚಳಿಗಾಲದೊಳಗೆ ಅಪ್ಪನ ಸಾಲ ತೀರಿಸುತ್ತೇನೆ’ ಎನ್ನಿ. ಗಡುವಿರಲಿ, ಆದದ್ದು ನಾಲ್ಕು ಜನಕ್ಕೆ ಕಾಣುವಂತಿರಲಿ. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಸುಮ್ನೆ ಹಿರಿಯರ ಹೆಸರು ಹೇಳಿ ಕೊಂಬು ದಾಟಿಸಿ. ಯಾರೂ ತಪ್ಪು ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ರಕ್ತ, ಚರ್ಮದ ಬಣ್ಣ ಎಂದು ಮಾತಾಡುವ ಗುಂಪುಗಳೂ ಈ ದೇವರ ಹೆಸರು ಹೇಳುತ್ತವೆ. ಅಂಥ ಕಡೆಯಿಂದ ಎದ್ದು ಬನ್ನಿ. ಐಸ್‌ಲ್ಯಾಂಡಿನ ಸಂಘವೂ ಅವರನ್ನು ದೂರವೇ ಇಟ್ಟಿದೆ.

ಹಂತ 6: ಉಳಿದ ಮೀಡನ್ನು ನೆಲಕ್ಕೆ ಸುರಿದು ಊಟಕ್ಕೆ ಕೂರಿ. ಕೊಂಬನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿನೀರು ಹಾಕಿದರೆ ಕೊಂಬು ಸೊಟ್ಟಗಾಗುತ್ತದೆ.