ಡಿಗ್ರಿ ವಿದ್ಯಾರ್ಥಿಗಳೇ, ನಿಮ್ಮ ಸಂಶೋಧನೆಯನ್ನು ಕಾಲೇಜಿನಲ್ಲಿ ಹೀಗೆ ಮಂಡಿಸಿ

ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಊರೂರು ತಿರುಗಿ ಸ್ಯಾಂಪಲ್ ತಂದಿದ್ದೀರಿ, ಲ್ಯಾಬ್‌ನಲ್ಲಿ ಸಂಜೆವರೆಗೆ ಕೂತಿದ್ದೀರಿ, ರೆಕಾರ್ಡ್ ಬರೆದು ಗೈಡ್ ಸಹಿಯನ್ನೂ ಹಾಕಿಸಿಕೊಂಡಿದ್ದೀರಿ. ಇನ್ನು ಉಳಿದಿರುವುದು ಸೆಮಿನಾರ್ ಹಾಲ್‌ನಲ್ಲಿ ನಿಂತು ಹತ್ತು ನಿಮಿಷ ಹೇಳುವುದು. ಒಳ್ಳೇ ಕೆಲಸ ಮಾಡಿದವರೂ ಇಲ್ಲಿ ಎಡವುತ್ತಾರೆ. ಪೀಠಿಕೆಯಲ್ಲೇ ಆರು ನಿಮಿಷ ಕಳೆಯುತ್ತದೆ. ತಾವೇ ಕಂಡುಕೊಂಡ ಸಂಗತಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಿಂದ ಬೆಲ್ ಹೊಡೆಯುತ್ತಾರೆ.

ಹಾಗಾಗಿ ಮೊದಲ ಮಾತು ಇದು: ನೀವು ಕಂಡದ್ದನ್ನು ಮೊದಲ ಎರಡು ನಿಮಿಷದೊಳಗೆ ಹೇಳಿಬಿಡಿ. ಉಳಿದದ್ದೆಲ್ಲ ಅದರ ಹಿಂದೆ ಬರಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಬಿ.ಎಸ್ಸಿ. ರಸಾಯನಶಾಸ್ತ್ರದವರು. ಪಾವಗಡ ಕಡೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಿದ್ದೀರಿ. 12 ಬೋರ್‌ವೆಲ್‌ಗಳಲ್ಲಿ 7ರ ನೀರು ಮಿತಿ ಮೀರಿದೆ ಅಂದುಕೊಳ್ಳಿ. ಈ ಅಂಕಿಗಳು ಬರೀ ಉದಾಹರಣೆಗೆ, ಆದರೆ ಮಿತಿ ನಿಜವಾದದ್ದೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲ ಅಂದಾಗ 1.5ರವರೆಗೆ ಒಪ್ಪುತ್ತಾರೆ.

ಸಾಮಾನ್ಯವಾಗಿ ಇಂಥ ಪ್ರಾಜೆಕ್ಟ್‌ನ ಪಿಪಿಟಿ ಹೇಗೆ ಶುರುವಾಗುತ್ತದೆ ಗೊತ್ತಲ್ವಾ? ನೀರು ಜೀವಜಲ, ಭೂಮಿಯ ಮೇಲೆ ಇಷ್ಟು ಭಾಗ ನೀರಿದೆ, ಫ್ಲೋರಿನ್ ಅಂದರೆ ಏನು, ಆವರ್ತ ಕೋಷ್ಟಕದಲ್ಲಿ ಅದರ ಜಾಗ ಯಾವುದು. ಇದೆಲ್ಲ ಹಾಲ್‌ನಲ್ಲಿ ಕೂತವರಿಗೆ ಗೊತ್ತಿದೆ. ಅವರಿಗೆ ಗೊತ್ತಿಲ್ಲದ್ದು ಆ 7 ಬೋರ್‌ವೆಲ್‌ಗಳ ವಿಷಯ ಮಾತ್ರ, ಅದನ್ನು ಹೇಳಬಲ್ಲವರು ಇಡೀ ಹಾಲ್‌ನಲ್ಲಿ ನೀವೊಬ್ಬರೇ. "ನಾವು 12 ಬೋರ್‌ವೆಲ್ ನೀರು ಪರೀಕ್ಷಿಸಿದೆವು, 7ರಲ್ಲಿ ಫ್ಲೋರೈಡ್ 1.5 ದಾಟಿದೆ, ಆ ನೀರನ್ನು ಜನ ಈಗಲೂ ಅಡುಗೆಗೆ ಬಳಸುತ್ತಿದ್ದಾರೆ" ಅಂತ ಶುರು ಮಾಡಿ. ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಶೀರ್ಷಿಕೆಗೂ ಇದೇ ಮಾತು. "ನೀರಿನ ಗುಣಮಟ್ಟದ ಒಂದು ಅಧ್ಯಯನ" ಅಂದರೆ ಏನೂ ತಿಳಿಯುವುದಿಲ್ಲ. ಯಾವ ಊರು, ಯಾವ ಅಂಶ, ಏನು ಸಿಕ್ಕಿತು, ಇಷ್ಟು ಬರಲಿ. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ತಮ್ಮ ಶೋಧದ ಬಗ್ಗೆ ಮಾತಾಡಿದಾಗ ಆ ಉಪನ್ಯಾಸಕ್ಕೆ ಇಟ್ಟ ಹೆಸರು "ಒಂದು ಹೊಸ ವಿಕಿರಣ" ಅಂತ ಅಷ್ಟೇ. ಸಿಕ್ಕಿದ್ದೇನೋ ಅದೇ ಹೆಸರು. ನಮ್ಮ ಕಾಲೇಜುಗಳಲ್ಲಿ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರಾಜೆಕ್ಟ್ ಪ್ರದರ್ಶನ ಇಡುತ್ತಾರಲ್ಲ, ಅದೂ ಆ ಶೋಧದ ನೆನಪಿಗೇ.

ಹತ್ತು ನಿಮಿಷಕ್ಕೆ ಎಂಟು ಸ್ಲೈಡ್ ಸಾಕು. ಒಂದು ಸ್ಲೈಡ್‌ನಲ್ಲಿ ಒಂದೇ ವಿಷಯ. ಅಕ್ಷರ 28 ಪಾಯಿಂಟ್‌ಗಿಂತ ಸಣ್ಣದಾದರೆ ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ. ಪ್ಯಾರಾಗಟ್ಟಲೆ ಬರೆದು ಪರದೆ ಕಡೆ ತಿರುಗಿ ಓದುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಓದುವುದೇ ಆದರೆ ರಿಪೋರ್ಟ್ ಕೈಗೆ ಕೊಟ್ಟರೆ ಆಯಿತಲ್ಲ, ನೀವು ನಿಲ್ಲಬೇಕಾದ ಅಗತ್ಯವೇ ಇಲ್ಲ.

ಫಲಿತಾಂಶದ ಸ್ಲೈಡ್ ಮೇಲೆ ಮಾತ್ರ ಕೂತು ಕೆಲಸ ಮಾಡಿ. ಎಕ್ಸೆಲ್‌ನಿಂದ ಟೇಬಲ್ ಎತ್ತಿ ಹಾಗೇ ಅಂಟಿಸಬೇಡಿ. 12 ಬೋರ್‌ವೆಲ್‌ಗೆ 12 ಬಾರ್ ಹಾಕಿ, ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ, 1.5ರ ಹತ್ತಿರ ಅಡ್ಡಕ್ಕೆ ಒಂದು ಕೆಂಪು ಗೆರೆ ಎಳೆಯಿರಿ. ಗೆರೆ ದಾಟಿದ ಬಾರ್‌ಗಳಿಗೆ ಬೇರೆ ಬಣ್ಣ ಕೊಡಿ. ಸ್ಲೈಡ್‌ನ ತಲೆಯಲ್ಲಿ "ಫಲಿತಾಂಶಗಳು" ಅಂತ ಬರೆಯುವ ಬದಲು "12ರಲ್ಲಿ 7 ಬೋರ್‌ವೆಲ್ ಮಿತಿ ಮೀರಿವೆ" ಅಂತಲೇ ಬರೆಯಿರಿ. ನೀವು ಬಾಯಿ ಬಿಡುವ ಮೊದಲೇ ಅರ್ಧ ವಿಷಯ ಮುಟ್ಟಿರುತ್ತದೆ. ಇನ್ನೊಂದು ಮಾತು, 58.33 ಶೇಕಡಾ ಅಂತ ಬರೆಯಬೇಡಿ. ಇರುವುದೇ 12 ಬೋರ್‌ವೆಲ್, ಅದಕ್ಕೆ ದಶಮಾಂಶ ಹಚ್ಚಿದರೆ ಇಲ್ಲದ ನಿಖರತೆ ತೋರಿಸಿದಂತಾಗುತ್ತದೆ. ಹಾಗೆಯೇ 12 ಬೋರ್‌ವೆಲ್ ನೋಡಿ "ತಾಲ್ಲೂಕಿನ ನೀರೆಲ್ಲ ಹೀಗೇ" ಅನ್ನಲೂ ಬಾರದು. ನೋಡಿದ್ದಷ್ಟನ್ನೇ ಹೇಳಿ. ಅದರಲ್ಲೇ ಗೌರವ ಇದೆ.

ಹೇಗೆ ಮಾಡಿದಿರಿ ಅನ್ನುವುದಕ್ಕೆ ಒಂದೂವರೆ ನಿಮಿಷ. ಆದರೆ ಆ ಭಾಗವನ್ನು ಚೆನ್ನಾಗಿ ತಿಳಿದುಕೊಂಡು ಹೋಗಿ, ಯಾಕಂದರೆ ಎಕ್ಸ್‌ಟರ್ನಲ್ ಆಗಿ ಬಂದವರು ಕೆದಕುವುದು ಅಲ್ಲೇ. ಸ್ಯಾಂಪಲ್ ತರಲು ಪ್ಲಾಸ್ಟಿಕ್ ಬಾಟಲಿ ಯಾಕೆ, ಗಾಜಿನದು ಯಾಕೆ ಬೇಡ? ಫ್ಲೋರೈಡ್ ಗಾಜಿನ ಜೊತೆ ವರ್ತಿಸಿ ರೀಡಿಂಗ್ ಏರುಪೇರಾಗಬಹುದು, ಅದಕ್ಕೆ. ಎಲೆಕ್ಟ್ರೋಡ್‌ನಿಂದ ಅಳೆದಿರೋ, ಬಣ್ಣ ಎಷ್ಟು ತಿಳಿಯಾಯಿತು ಅಂತ ನೋಡುವ ಸ್ಪ್ಯಾಂಡ್ಸ್ ವಿಧಾನದಿಂದಲೋ? ಒಂದೇ ಸ್ಯಾಂಪಲ್ ಅನ್ನು ಎಷ್ಟು ಸಲ ಅಳೆದಿರಿ? ಬೋರ್ ಚಾಲೂ ಮಾಡಿದ ತಕ್ಷಣ ನೀರು ಹಿಡಿದಿರೋ, ಸ್ವಲ್ಪ ಹೊತ್ತು ಹರಿಯಲು ಬಿಟ್ಟಿರೋ? ಮಳೆಗಾಲವೋ ಬೇಸಿಗೆಯೋ? ಗೈಡ್ ಹೇಳಿದರು ಅಂತ ಮಾಡಿದ ಕೆಲಸಗಳೇ ಇವು, ಆದರೂ ಯಾಕೆ ಹೇಳಿದರು ಅಂತ ಮಂಡನೆಗೆ ಮೊದಲೇ ಅವರನ್ನು ಕೇಳಿಟ್ಟುಕೊಳ್ಳಿ.

ಉತ್ತರ ಗೊತ್ತಿಲ್ಲದಿದ್ದರೆ "ಅದನ್ನು ನಾವು ನೋಡಿಲ್ಲ ಸರ್" ಅಂತ ನೇರವಾಗಿ ಹೇಳಿ. ಸುಮ್ನೆ ಏನೋ ಕಟ್ಟಿ ಹೇಳಲು ಹೋದರೆ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ, ಆಮೇಲೆ ಸರಿಯಾಗಿ ಮಾಡಿದ ಕೆಲಸದ ಮೇಲೂ ಅನುಮಾನ ಬರುತ್ತದೆ. ಇಬ್ಬರು ಮೂವರು ಸೇರಿ ಮಾಡಿದ ಪ್ರಾಜೆಕ್ಟ್ ಆದರೆ ಯಾವ ಪ್ರಶ್ನೆಗೆ ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ಒಬ್ಬರೇ ಎಲ್ಲಕ್ಕೂ ಬಾಯಿ ಹಾಕಿ ಉಳಿದವರು ಗೋಡೆಗೆ ಒರಗಿ ನಿಂತರೆ, ಅವರು ಹೊತ್ತು ತಂದ ಬಾಟಲಿಗಳಿಗೆ ಲೆಕ್ಕವೇ ಇಲ್ಲದಂತಾಗುತ್ತದೆ.

ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವ ಭಯ ಬಹಳ ಮಕ್ಕಳಿಗಿದೆ. ಕಾಲೇಜು ಒಪ್ಪಿದರೆ ಕನ್ನಡದಲ್ಲೇ ಹೇಳಿ. ಇಂಗ್ಲಿಷ್ ಕಡ್ಡಾಯ ಅಂದರೆ ಮೊದಲ ಮೂರು ವಾಕ್ಯ ಮತ್ತು ಕೊನೆಯ ಮೂರು ವಾಕ್ಯವನ್ನು ಬಾಯಿಗೆ ಬರುವ ತನಕ ಅಭ್ಯಾಸ ಮಾಡಿ. ನಡುವೆ ತಡವರಿಸಿದರೆ ಏನೂ ಆಗುವುದಿಲ್ಲ, ಗ್ರಾಫ್ ಕೈ ಹಿಡಿಯುತ್ತದೆ. ಪ್ರಶ್ನೆ ಹೊತ್ತಿನಲ್ಲಿ "ಕನ್ನಡದಲ್ಲಿ ಹೇಳಬಹುದಾ ಮೇಡಂ" ಅಂತ ಕೇಳಿ ನೋಡಿ. ಬಹಳ ಸಲ ಒಪ್ಪುತ್ತಾರೆ.

ಕನ್ನಡದಲ್ಲಿ ಸ್ಲೈಡ್ ಮಾಡುವವರು ಒಂದು ವಿಷಯ ಮರೆಯಲೇಬಾರದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಪಿಟಿಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ತುಂಗಾ, ನೋಟೊ ಸಾನ್ಸ್ ಕನ್ನಡ ಯಾವುದಾದರೂ ನಡೆಯುತ್ತದೆ. ಪಿಪಿಟಿ ಜೊತೆಗೆ ಒಂದು ಪಿಡಿಎಫ್ ಕೂಡ ಇಟ್ಟುಕೊಳ್ಳಿ, ಪೆನ್‌ಡ್ರೈವ್‌ನಲ್ಲಿ ಒಂದು, ನಿಮ್ಮದೇ ಇಮೇಲ್‌ನಲ್ಲಿ ಒಂದು. ಹಿಂದಿನ ದಿನವೇ ಹಾಲ್‌ನ ಕಂಪ್ಯೂಟರ್‌ಗೆ ಹಾಕಿ ಪರದೆ ಮೇಲೆ ನೋಡಿ. ಪ್ರೊಜೆಕ್ಟರ್‌ನಲ್ಲಿ ತಿಳಿ ಹಳದಿ, ತಿಳಿ ಹಸಿರು ಅಕ್ಷರ ಕಾಣುವುದೇ ಇಲ್ಲ, ಅದು ಅಲ್ಲೇ ಗೊತ್ತಾಗುತ್ತದೆ.

ಪೋಸ್ಟರ್ ಆದರೆ ಕಾಲೇಜಿನವರು ಅಳತೆ ಹೇಳಿರುತ್ತಾರೆ. ಎ1 ಅಂದರೆ 594 x 841 ಮಿ.ಮೀ., ಎ0 ವಿಸ್ತೀರ್ಣದಲ್ಲಿ ಅದರ ಎರಡರಷ್ಟು. ಫ್ಲೆಕ್ಸ್ ಮೇಲೆ ಹಾಕಿಸಬೇಡಿ. ನಮ್ಮ ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ದಪ್ಪ ಕಾಗದ ಅಥವಾ ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿ. ಅಂಗಡಿಗೆ ಪಿಡಿಎಫ್ಫೇ ಕೊಡಿ, ವರ್ಡ್ ಫೈಲ್ ಕೊಟ್ಟರೆ ಅವರ ಕಂಪ್ಯೂಟರ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವ ಸಾಧ್ಯತೆ ಇದೆ. ಪ್ರಿಂಟ್‌ಗೆ ಮೊದಲು ಪರದೆ ಮೇಲೆ ಒಂದೊಂದು ಸಾಲನ್ನೂ ಓದಿ ನೋಡಿ. ಪೋಸ್ಟರ್ ಮುಂದೆ ನಿಂತಾಗ ಬಂದವರಿಗೆಲ್ಲ ಮೊದಲಿಂದ ಒಪ್ಪಿಸಲು ಹೋಗಬೇಡಿ. ಒಂದೇ ನಿಮಿಷ ಹೇಳಿ, ಆಮೇಲೆ ಅವರು ಕೇಳಲಿ.

ಸಮಾಜಶಾಸ್ತ್ರ, ಕನ್ನಡ, ಅರ್ಥಶಾಸ್ತ್ರದವರು ಜನರ ಹತ್ತಿರ ಹೋಗಿ ಮಾಹಿತಿ ತಂದಿರುತ್ತೀರಿ. ಸೋಬಾನೆ ಪದ ಹಾಡಿದ ಅಜ್ಜಿಯ ಫೋಟೋ, ಧ್ವನಿ ಹಾಕುವ ಮೊದಲು ಅವರನ್ನು ಕೇಳಿ, ಒಪ್ಪಿದರೆ ಹೆಸರನ್ನೂ ಹಾಕಿ, ಆ ಪದ ಅವರದ್ದು. ಆದರೆ ಸಾಲ, ಕೂಲಿ, ಕಾಯಿಲೆ ಬಗ್ಗೆ ಮಾತಾಡಿದವರ ಹೆಸರು, ಊರಿನಲ್ಲಿ ಗುರುತು ಸಿಗುವಂಥ ವಿವರ ಯಾವ ಸ್ಲೈಡ್‌ನಲ್ಲೂ ಬೇಡ.

ಅಭ್ಯಾಸವನ್ನು ಕನ್ನಡಿ ಮುಂದೆ ಮಾಡುವುದಕ್ಕಿಂತ ಬೇರೆ ವಿಷಯ ಓದುತ್ತಿರುವ ಗೆಳೆಯರ ಮುಂದೆ ಮಾಡಿ. ಬಿ.ಕಾಂ. ಓದುವವರಿಗೆ ನಿಮ್ಮ ಫ್ಲೋರೈಡ್ ಕಥೆ ಅರ್ಥವಾಯಿತು ಅಂದರೆ ಹಾಲ್‌ನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮೊಬೈಲ್‌ನಲ್ಲಿ ಟೈಮ್ ಇಟ್ಟು ಒಂಬತ್ತು ನಿಮಿಷಕ್ಕೆ ಮುಗಿಸಿ.

ಮಂಡನೆ ಆಯಿತು, ಸರ್ಟಿಫಿಕೇಟ್ ಬಂತು. ಇನ್ನೊಂದು ಕೆಲಸ ಉಳಿದಿದೆ, ಇದನ್ನು ಮಾಡುವವರು ಕಡಿಮೆ. ನೀರು ಕೊಟ್ಟ ಹಳ್ಳಿಯವರಿಗೆ ಅವರ ಬೋರ್‌ವೆಲ್ ರೀಡಿಂಗ್ ತಿಳಿಸಿ. ಗೈಡ್ ಹತ್ತಿರ ಮಾತಾಡಿ, ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ: ಯಾವ ಬೋರ್, ಯಾವ ದಿನ ನೀರು ಹಿಡಿದದ್ದು, ಎಷ್ಟು ಬಂತು, ಮಿತಿ ಎಷ್ಟು. ಇದು ವಿದ್ಯಾರ್ಥಿಗಳು ಮಾಡಿದ ಪರೀಕ್ಷೆ, ಸರ್ಕಾರಿ ಲ್ಯಾಬ್‌ನಲ್ಲಿ ಮತ್ತೊಮ್ಮೆ ಮಾಡಿಸಿ ಅಂತಲೂ ಸೇರಿಸಿ. ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒ ಕೈಗೆ ಒಂದು ಪ್ರತಿ ಕೊಡಿ, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.