ಮಾಡ್‌ಗೂ ಪ್ಲಗಿನ್‌ಗೂ ಒಂದೇ ಪರ್ಮಿಷನ್ ಪಟ್ಟಿ: ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ನನ್ನ ಅನುಭವ

ಮಾಡರೇಟರ್ ಒಬ್ಬರು ಪೇಪರ್ ಸರ್ವರ್‌ನಲ್ಲಿ (ಪ್ಲಗಿನ್ ಎಂಬ ಸೇರ್ಪಡೆಗಳನ್ನು ಓಡಿಸುವಂಥದ್ದು) ಆಟಗಾರರನ್ನು ಕಿಕ್ ಮಾಡಬಲ್ಲರು, ಅಂದರೆ ಹೊರಹಾಕಬಲ್ಲರು. ಅದೇ ಹೆಸರಿನಲ್ಲಿ ಪಕ್ಕದ ಫೋರ್ಜ್ ಸರ್ವರ್‌ಗೆ (ಆಟವನ್ನೇ ಬದಲಿಸುವ ಮಾಡ್‌ಗಳನ್ನು ಓಡಿಸುವಂಥದ್ದು) ಹೋದರೆ ಅಂಥ ಕಮಾಂಡೇ ಇಲ್ಲ ಎಂಬ ಉತ್ತರ ಬರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಆಪ್ (ಆಪರೇಟರ್ ಅಧಿಕಾರ) ಕೊಟ್ಟುಬಿಡುವುದು. ಕಿಕ್ ಮಾಡಲು ಬೇಕಿದ್ದವರ ಕೈಗೆ ಸರ್ವರ್ ನಿಲ್ಲಿಸುವ ಅಧಿಕಾರವೂ ಹೋಗುತ್ತದೆ. ಆಪ್ ಇಲ್ಲದೆ, ಎಲ್ಲ ಸರ್ವರ್‌ಗಳಿಗೂ ಒಂದೇ ಪಟ್ಟಿ ಇಟ್ಟುಕೊಂಡು ನಡೆಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಮುಂದೆ ವೆಲಾಸಿಟಿ ಪ್ರಾಕ್ಸಿ (ಆಟಗಾರರನ್ನು ಬರಮಾಡಿಕೊಂಡು ಸರ್ವರ್‌ಗಳಿಗೆ ಕಳಿಸುವ ಮುಂಬಾಗಿಲು), ಅದರ ಹಿಂದೆ ಒಂದು ಪೇಪರ್ ಸರ್ವೈವಲ್ ಸರ್ವರ್, ಇನ್ನೊಂದು 1.20.1ರ ಫೋರ್ಜ್ ಮಾಡ್‌ಪ್ಯಾಕ್ ಸರ್ವರ್. ಮೂರರಲ್ಲೂ ಪರ್ಮಿಷನ್ ನೋಡಿಕೊಳ್ಳುವ ಲಕ್‌ಪರ್ಮ್ಸ್, ಎಲ್ಲದಕ್ಕೂ ಒಂದೇ ಮರಿಯಾಡಿಬಿ ಡೇಟಾಬೇಸ್. ಕಮಾಂಡ್‌ಗಳನ್ನೂ ನೋಡ್‌ಗಳನ್ನೂ (ಒಂದೊಂದು ಪರ್ಮಿಷನ್‌ನ ಹೆಸರು) ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಎಲ್ಲವೂ ಸಣ್ಣಕ್ಷರ.

ಮೊದಲು ತಲೆಯಲ್ಲಿ ಕೂರಬೇಕಾದ ವಿಷಯ ಒಂದಿದೆ. ಒಂದು ನೋಡ್ ಬಗ್ಗೆ ಲಕ್‌ಪರ್ಮ್ಸ್ ಕೊಡುವ ಉತ್ತರ ಎರಡಲ್ಲ, ಮೂರು: ಟ್ರೂ, ಫಾಲ್ಸ್, ಅನ್‌ಡಿಫೈನ್ಡ್. ಟ್ರೂ ಮತ್ತು ಫಾಲ್ಸ್ ಎಲ್ಲ ಕಡೆ ಒಂದೇ ಅರ್ಥ ಕೊಡುತ್ತವೆ. ಗೊಂದಲವೆಲ್ಲ ಹುಟ್ಟುವುದು ಮೂರನೆಯದರಲ್ಲಿ. ಪಟ್ಟಿಯಲ್ಲಿ ಏನೂ ಬರೆದಿಲ್ಲದಿದ್ದರೆ ಪೇಪರ್ ಆ ಪ್ಲಗಿನ್ ತಾನೇ ಘೋಷಿಸಿದ ಡೀಫಾಲ್ಟ್ ನೋಡುತ್ತದೆ. ಫೋರ್ಜ್‌ನಲ್ಲಿ ಮಾಡ್ ತನ್ನ ನೋಡ್ ಜೊತೆ ಬರೆದಿಟ್ಟ ಡೀಫಾಲ್ಟ್ ನಡೆಯುತ್ತದೆ, ಕಮಾಂಡ್ ಆದರೆ ಆಪ್ ಮಟ್ಟ (1ರಿಂದ 4ರವರೆಗಿನ ಆಪ್ ಅಧಿಕಾರದ ಮೆಟ್ಟಿಲು) ನೋಡುತ್ತದೆ. ಮಾಡ್ ಓಡಿಸುವ ಇನ್ನೊಂದು ಬಗೆಯಾದ ಫ್ಯಾಬ್ರಿಕ್‌ನಲ್ಲೂ ಬಹುಪಾಲು ಆಪ್ ಮಟ್ಟವೇ. ಹಾಗಾಗಿ ಒಂದೇ ಡೇಟಾಬೇಸ್‌ಗೆ ಜೋಡಿಸಿದ ಮಾತ್ರಕ್ಕೆ ಪರ್ಮಿಷನ್ ಒಂದಾಗುವುದಿಲ್ಲ. ಮುಖ್ಯವಾದ ಪ್ರತಿ ನೋಡ್‌ಗೂ ಟ್ರೂ ಅಥವಾ ಫಾಲ್ಸ್ ಅಂತ ನೀವೇ ಬರೆದು, ಡೀಫಾಲ್ಟ್‌ಗೆ ಬಿಡದೆ ಇದ್ದಾಗಲೇ ಒಂದಾಗುವುದು.

ಎರಡನೆಯದು ಗುರುತು. ಲಕ್‌ಪರ್ಮ್ಸ್ ಹೆಸರನ್ನು ನಂಬುವುದಿಲ್ಲ, ಯುಯುಐಡಿ (ಪ್ರತಿ ಖಾತೆಯ ಉದ್ದನೆಯ ಗುರುತುಸಂಖ್ಯೆ) ನಂಬುತ್ತದೆ. ಪ್ರಾಕ್ಸಿ ಹಿಂದಿನ ಸರ್ವರ್‌ಗಳು ಆಫ್‌ಲೈನ್ ಮೋಡ್‌ನಲ್ಲಿ (ಖಾತೆ ನಿಜವೇ ಎಂದು ತಾವೇ ಪರೀಕ್ಷಿಸದೆ) ಓಡುವುದರಿಂದ, ವೆಲಾಸಿಟಿ ನಿಜವಾದ ಯುಯುಐಡಿಯನ್ನು ಮುಂದಕ್ಕೆ ಕಳಿಸದಿದ್ದರೆ ಆ ಸರ್ವರ್ ಹೆಸರಿನಿಂದಲೇ ಒಂದು ಹೊಸ ಯುಯುಐಡಿ ಹುಟ್ಟಿಸುತ್ತದೆ. ಡೇಟಾಬೇಸ್‌ನಲ್ಲಿ ಒಬ್ಬರೇ ಇಬ್ಬರಾಗುತ್ತಾರೆ: ಒಬ್ಬರಿಗೆ ಗ್ರೂಪ್ ಇದೆ, ಇನ್ನೊಬ್ಬರು ಬರೀ ಡೀಫಾಲ್ಟ್. ಕಣ್ಣಲ್ಲೇ ಪತ್ತೆ ಹಚ್ಚಬಹುದು. ‘ಎಲ್‌ಪಿ ಯೂಸರ್ ಹೆಸರು ಇನ್ಫೋ’ ಕೊಟ್ಟು ಯುಯುಐಡಿಯ ಮೂರನೇ ತುಂಡಿನ ಮೊದಲ ಅಂಕಿ ನೋಡಿ. 4 ಇದ್ದರೆ ನಿಜವಾದ ಖಾತೆ, 3 ಇದ್ದರೆ ಹೆಸರಿನಿಂದ ಹುಟ್ಟಿದ ಆಫ್‌ಲೈನ್ ಗುರುತು. ವೆಲಾಸಿಟಿಯಲ್ಲಿ ಮಾಡರ್ನ್ ಫಾರ್ವರ್ಡಿಂಗ್ (ಆ ಯುಯುಐಡಿ ಮುಂದಕ್ಕೆ ಕಳಿಸುವ ಬಗೆ) ಹಾಕಿ, ಪೇಪರ್‌ನ ಗ್ಲೋಬಲ್ ಕಾನ್ಫಿಗ್‌ನಲ್ಲಿ ವೆಲಾಸಿಟಿ ಭಾಗವನ್ನು ಆನ್ ಮಾಡಿ ಅದರ ಸೀಕ್ರೆಟ್ ಅನ್ನು ತುಂಬಿಸಿದರೆ ಪೇಪರ್ ಮುಗಿಯಿತು. ಫೋರ್ಜ್‌ಗೆ ಮಾತ್ರ ಎರಡು ಕಡೆ ಕೆಲಸ: ವೆಲಾಸಿಟಿಯಲ್ಲಿ ಅಂಬಾಸಿಡರ್ ಪ್ಲಗಿನ್, ಫೋರ್ಜ್‌ನಲ್ಲಿ ಪ್ರಾಕ್ಸಿ ಕಂಪ್ಯಾಟಿಬಲ್ ಫೋರ್ಜ್ ಮಾಡ್. ಹಿಂದಿನ ಸರ್ವರ್‌ಗಳ ಪೋರ್ಟ್ ಹೊರಗಿನಿಂದ ಮುಚ್ಚಿರಲೇಬೇಕು. ಒಂದೇ ಯಂತ್ರದಲ್ಲಿದ್ದರೆ ಸರ್ವರ್ ಐಪಿಯನ್ನು 127.0.0.1 ಮಾಡಿ. ಆಫ್‌ಲೈನ್ ಮೋಡ್‌ನ ಸರ್ವರ್ ತೆರೆದಿದ್ದು, ಸೀಕ್ರೆಟ್ ಪರೀಕ್ಷೆಯೂ ಇಲ್ಲದಿದ್ದರೆ, ಯಾರು ಬೇಕಾದರೂ ಅಡ್ಮಿನ್ ಹೆಸರು ಹಾಕಿಕೊಂಡು ಒಳಗೆ ಬರಬಹುದು.

ಡೇಟಾಬೇಸ್ ಬದಲಿಸುವ ಮುಂಚೆ ಹಳೆಯ ಪಟ್ಟಿ ಕೈಗೆ ತೆಗೆದುಕೊಳ್ಳಿ. ಲಕ್‌ಪರ್ಮ್ಸ್ ಸಾಮಾನ್ಯವಾಗಿ ಎಚ್2 ಎಂಬ ಡೇಟಾಬೇಸ್ ಫೈಲ್‌ನಲ್ಲಿ ಎಲ್ಲವನ್ನೂ ಇಡುತ್ತದೆ. ಪೇಪರ್ ಕನ್ಸೋಲ್‌ನಲ್ಲಿ ‘ಎಲ್‌ಪಿ ಎಕ್ಸ್‌ಪೋರ್ಟ್ ಬ್ಯಾಕಪ್’ ಕೊಟ್ಟರೆ ಕುಗ್ಗಿಸಿದ ಜೇಸನ್ ಫೈಲ್ ಒಂದು ಸಿಗುತ್ತದೆ. ಆಮೇಲೆ ಲಕ್‌ಪರ್ಮ್ಸ್ ಕಾನ್ಫಿಗ್‌ನ ಸ್ಟೋರೇಜ್-ಮೆಥಡ್ ಸಾಲನ್ನು ಮರಿಯಾಡಿಬಿ ಮಾಡಿ, ವಿಳಾಸ, ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್ ತುಂಬಿ, ರೀಸ್ಟಾರ್ಟ್ ಮಾಡಿ ‘ಎಲ್‌ಪಿ ಇಂಪೋರ್ಟ್ ಬ್ಯಾಕಪ್’. ಟೇಬಲ್‌ಗಳನ್ನು ಅದೇ ಕಟ್ಟಿಕೊಳ್ಳುತ್ತದೆ. ಪೇಪರ್ ಮತ್ತು ವೆಲಾಸಿಟಿಯಲ್ಲಿ ಕಾನ್ಫಿಗ್ ಯಾಮಲ್ ರೂಪದಲ್ಲಿದೆ, ಫೋರ್ಜ್‌ನಲ್ಲಿ ಹೋಕಾನ್. ಆದ್ದರಿಂದ ಒಂದರ ಫೈಲ್ ಇನ್ನೊಂದಕ್ಕೆ ಕಾಪಿ ಮಾಡಬೇಡಿ, ಮೌಲ್ಯಗಳನ್ನು ಮಾತ್ರ ಒಂದೊಂದಾಗಿ ತುಂಬಿ. ಪ್ರತಿ ಸರ್ವರ್ 10 ಕನೆಕ್ಷನ್ ಹಿಡಿದುಕೊಳ್ಳುತ್ತದೆ, ಮೂರಕ್ಕೆ 30. ಸ್ವಂತ ಮರಿಯಾಡಿಬಿಯಲ್ಲಿ ಇದು ಏನೂ ಅಲ್ಲ, ಆದರೆ ಬಾಡಿಗೆ ಡೇಟಾಬೇಸ್‌ನಲ್ಲಿ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಮೂರನೆಯ ಸರ್ವರ್‌ನ ಲಕ್‌ಪರ್ಮ್ಸ್‌ಗೆ ಕನೆಕ್ಷನ್ ಸಾಲದೆ ಹೋಗಬಹುದು. ಆಗ ಪೂಲ್ ಗಾತ್ರವನ್ನೂ ಮಿನಿಮಮ್ ಐಡಲ್ ಅನ್ನೂ ಇಳಿಸಿದರೆ ಸಾಕು.

ಬದಲಾವಣೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಮೆಸೇಜಿಂಗ್ ಸರ್ವಿಸ್ ಬೇಕು. ಆಟೋ ಎಂದು ಬಿಟ್ಟರೆ ಎಸ್‌ಕ್ಯುಎಲ್ (ಅದೇ ಡೇಟಾಬೇಸ್) ಮೂಲಕವೇ ಸುದ್ದಿ ಹರಿಯುತ್ತದೆ, ನಮ್ಮಂಥ ಗಾತ್ರಕ್ಕೆ ಅದೇ ಸಾಕು. ಪ್ಲಗಿನ್ ಮೆಸೇಜ್ ಬಗೆಯನ್ನು ಆರಿಸಬೇಡಿ: ಆ ಸರ್ವರ್‌ನಲ್ಲಿ ಒಬ್ಬ ಆಟಗಾರನಾದರೂ ಇಲ್ಲದಿದ್ದರೆ ಅದು ಸುದ್ದಿ ಕಳಿಸಲಾರದು.

ಇನ್ನು ಹೆಸರು. ಪ್ರತಿ ಕಾನ್ಫಿಗ್‌ನ ಸರ್ವರ್ ಎಂಬ ಸಾಲು ಗ್ಲೋಬಲ್ ಎಂದೇ ಬಂದಿರುತ್ತದೆ. ಅದನ್ನು ಪ್ರಾಕ್ಸಿ, ಸರ್ವೈವಲ್, ಮಾಡೆಡ್ ಎಂದು ಬೇರೆ ಬೇರೆ ಮಾಡಿ. ಈ ಸಾಲು ಮರೆತರೆ ‘ಸರ್ವರ್=ಮಾಡೆಡ್’ ಎಂದು ಬರೆದ ಯಾವ ನೋಡೂ ಎಂದಿಗೂ ಹೊಂದುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ನಮ್ಮ ನಿಯಮ ಹೀಗಿದೆ: ಗ್ರೂಪ್, ವೆಯ್ಟ್ (ಗ್ರೂಪ್‌ನ ಆದ್ಯತೆ), ಪೇರೆಂಟ್ (ಯಾವ ಗ್ರೂಪ್‌ನಿಂದ ಪರ್ಮಿಷನ್ ಪಡೆಯುತ್ತದೆ ಎಂಬುದು), ಪ್ರಿಫಿಕ್ಸ್ (ಹೆಸರಿನ ಮುಂದಿನ ಬಿರುದು) ಇವಕ್ಕೆ ಸರ್ವರ್ ಹೆಸರು ಹಾಕುವುದಿಲ್ಲ, ಎಲ್ಲ ಕಡೆ ಒಂದೇ. ನೋಡ್‌ಗಳಿಗೆ ಮಾತ್ರ ಯಾವಾಗಲೂ ಹಾಕುತ್ತೇವೆ. ಸರ್ವರ್ ಹೆಸರಿಲ್ಲದೆ * (ಎಲ್ಲ ನೋಡ್‌ಗಳೂ) ಕೊಟ್ಟರೆ ಅದು ಪ್ರಾಕ್ಸಿಗೂ ತಾಗುತ್ತದೆ, ಆಟಗಾರರನ್ನು ಬೇರೆ ಸರ್ವರ್‌ಗೆ ದೂಡುವ ವೆಲಾಸಿಟಿಯ ಸೆಂಡ್ ಕಮಾಂಡ್ ಕೂಡ ಅದರೊಂದಿಗೆ ಹೋಗುತ್ತದೆ. ವರ್ಲ್ಡ್ ಕಾಂಟೆಕ್ಸ್ಟ್ (ನೋಡ್ ಯಾವ ಲೋಕದಲ್ಲಿ ನಡೆಯಬೇಕು ಎಂಬ ಷರತ್ತು) ಬಳಸುವವರಿಗೆ ಇನ್ನೊಂದು ಮಾತು: ನೆದರ್ ಎಂಬ ಲೋಕಕ್ಕೆ ಪೇಪರ್‌ನಲ್ಲಿ ‘ವರ್ಲ್ಡ್_ನೆದರ್’ ಎಂಬ ಹೆಸರು, ಫೋರ್ಜ್‌ನಲ್ಲಿ ಆ ಹೆಸರಿಲ್ಲ. ಎರಡಕ್ಕೂ ಒಂದೇ ಸಾಲು ಬೇಕಾದರೆ ಡೈಮೆನ್ಷನ್-ಟೈಪ್ ಬಳಸಿ.

ಫೋರ್ಜ್‌ನಲ್ಲಿ ಮಾಡ್‌ಗಳ ಪ್ರಶ್ನೆಗೆ ಯಾರು ಉತ್ತರಿಸಬೇಕು ಎಂಬುದು ವರ್ಲ್ಡ್ ಫೋಲ್ಡರ್ ಒಳಗಿನ ಸರ್ವರ್‌ಕಾನ್ಫಿಗ್‌ನಲ್ಲಿ, ‘ಫೋರ್ಜ್-ಸರ್ವರ್.ಟಾಮಲ್’ ಫೈಲ್‌ನ ಪರ್ಮಿಷನ್‌ಹ್ಯಾಂಡ್ಲರ್ ಸಾಲಿನಲ್ಲಿದೆ. ಅದು ‘ಲಕ್‌ಪರ್ಮ್ಸ್:ಪರ್ಮಿಷನ್_ಹ್ಯಾಂಡ್ಲರ್’ ಆಗಿರಬೇಕು. ಸಾಲು ಫೋರ್ಜ್‌ನ ಸ್ವಂತ ಡೀಫಾಲ್ಟ್ ಆಗಿದ್ದರೆ ಲಕ್‌ಪರ್ಮ್ಸ್ ತಾನೇ ಬದಲಿಸಿಕೊಳ್ಳುತ್ತದೆ. ಬೇರೆ ಮಾಡ್‌ನ ಹೆಸರಿದ್ದರೆ ಮುಟ್ಟುವುದಿಲ್ಲ, ಕೈಯಿಂದಲೇ ತಿದ್ದಬೇಕು. ಫೈಲ್ ವರ್ಲ್ಡ್ ಒಳಗಿರುವುದರಿಂದ ಹಳೆಯ ವರ್ಲ್ಡ್ ತಂದು ಹಾಕಿದಾಗ ಹಳೆಯ ಸಾಲೂ ಜೊತೆಗೇ ಬರುತ್ತದೆ.

ಈಗ ಕಿಕ್ ಅನ್ನೇ ಹತ್ತಿರದಿಂದ ನೋಡೋಣ. ಶುದ್ಧ ಪೇಪರ್‌ನಲ್ಲಿ ಅದರ ನೋಡ್ ‘ಮೈನ್‌ಕ್ರಾಫ್ಟ್.ಕಮಾಂಡ್.ಕಿಕ್’. ಎಸೆನ್ಷಿಯಲ್ಸ್ ಎಕ್ಸ್ ಪ್ಲಗಿನ್ ಹಾಕಿದ ಕೂಡಲೇ ಅದೇ ಕಮಾಂಡ್ ಎಸೆನ್ಷಿಯಲ್ಸ್ ಕೈಗೆ ಹೋಗುತ್ತದೆ, ಆಗ ಬೇಕಾದದ್ದು ‘ಎಸೆನ್ಷಿಯಲ್ಸ್.ಕಿಕ್’. ಫೋರ್ಜ್‌ನಲ್ಲಿ ಲಕ್‌ಪರ್ಮ್ಸ್ ಎಲ್ಲ ಕಮಾಂಡ್‌ಗಳ ಬಾಗಿಲಲ್ಲೂ ತನ್ನ ಕಾವಲು ಕೂರಿಸುತ್ತದೆ, ಅಲ್ಲಿ ನೋಡ್ ಬರೀ ‘ಕಮಾಂಡ್.ಕಿಕ್’. ಕೆಲಸ ಒಂದೇ, ಹೆಸರು ಮೂರು. ಮಾಡರೇಟರ್ ಗ್ರೂಪ್‌ಗೆ ನಾವು ಹಾಕಿದ ಸಾಲುಗಳು ಇವು:

‘ಎಲ್‌ಪಿ ಗ್ರೂಪ್ ಮಾಡರೇಟರ್ ಪರ್ಮಿಷನ್ ಸೆಟ್ ಎಸೆನ್ಷಿಯಲ್ಸ್.ಕಿಕ್ ಟ್ರೂ ಸರ್ವರ್=ಸರ್ವೈವಲ್’
‘ಎಲ್‌ಪಿ ಗ್ರೂಪ್ ಮಾಡರೇಟರ್ ಪರ್ಮಿಷನ್ ಸೆಟ್ ಕಮಾಂಡ್.ಕಿಕ್ ಟ್ರೂ ಸರ್ವರ್=ಮಾಡೆಡ್’

ಇದಾದ ಮೇಲೂ ಟೆಲಿಪೋರ್ಟ್‌ನಂಥ ಕಮಾಂಡ್‌ನಲ್ಲಿ @ಎ (ಎಲ್ಲ ಆಟಗಾರರು ಎಂಬ ಸೆಲೆಕ್ಟರ್) ಹಾಕಿದರೆ ಫೋರ್ಜ್ ಸೆಲೆಕ್ಟರ್‌ಗೆ ಅನುಮತಿ ಇಲ್ಲ ಎನ್ನುತ್ತದೆ. ಕಮಾಂಡ್‌ನ ಬಾಗಿಲು ತೆರೆಯಿತು, ಆದರೆ ಒಳಗೆ ಸೆಲೆಕ್ಟರ್ ಮತ್ತೊಮ್ಮೆ ಆಪ್ ಮಟ್ಟ 2 ಕೇಳುತ್ತದೆ. ಅದಕ್ಕೂ ನೋಡ್ ಇದೆ: ಫೋರ್ಜ್‌ನಲ್ಲಿ ‘ಫೋರ್ಜ್.ಯೂಸ್_ಎಂಟಿಟಿ_ಸೆಲೆಕ್ಟರ್ಸ್’, ಪೇಪರ್‌ನಲ್ಲಿ ‘ಮೈನ್‌ಕ್ರಾಫ್ಟ್.ಕಮಾಂಡ್.ಸೆಲೆಕ್ಟರ್’. ಎಲ್ಲ ಸರಿಯಾಗಿದ್ದೂ ಕಮಾಂಡ್ ಅರ್ಧದಲ್ಲಿ ನಿಲ್ಲುವ ಕಡೆಯೆಲ್ಲ ಇಂಥ ಒಳಬಾಗಿಲು ಇದೆಯೇ ಎಂದು ಮೊದಲು ನೋಡಿ.

ಎಲ್ಲ ಪರ್ಮಿಷನ್‌ಗಳೂ ಹೌದು-ಇಲ್ಲ ಆಗಿರುವುದಿಲ್ಲ. ಎಫ್‌ಟಿಬಿ ಚಂಕ್ಸ್ ಮಾಡ್‌ನಲ್ಲಿ ಒಬ್ಬರು ಎಷ್ಟು ಚಂಕ್ (ಆಟದ ಜಗತ್ತಿನ ಚೌಕ ತುಂಡು) ತಮ್ಮದಾಗಿ ಹಿಡಿಯಬಹುದು ಎಂಬುದು ಸಂಖ್ಯೆ. ಸಂಖ್ಯೆಯನ್ನು ನೋಡ್ ಆಗಿ ಸೆಟ್ ಮಾಡಿದರೆ ಏನೂ ಆಗುವುದಿಲ್ಲ, ಮೆಟಾ (ಹೆಸರಿನ ಜೊತೆ ಇಡುವ ಮೌಲ್ಯ) ಆಗಿ ಕೊಡಬೇಕು: ‘ಎಲ್‌ಪಿ ಗ್ರೂಪ್ ಡೀಫಾಲ್ಟ್ ಮೆಟಾ ಸೆಟ್ ಎಫ್‌ಟಿಬಿಚಂಕ್ಸ್.ಮ್ಯಾಕ್ಸ್_ಕ್ಲೇಮ್ಡ್ 200 ಸರ್ವರ್=ಮಾಡೆಡ್’. ಸದಾ ಲೋಡ್ ಆಗಿರುವ ಚಂಕ್‌ಗಳ ಮಿತಿ ‘ಮ್ಯಾಕ್ಸ್_ಫೋರ್ಸ್_ಲೋಡೆಡ್’. ಸರ್ವರ್‌ಗೆ ಹೊರೆ ಬೀಳುವುದು ಇದರಿಂದಲೇ, ನಾವು ಡೀಫಾಲ್ಟ್ ಗ್ರೂಪ್‌ಗೆ 9 ಇಟ್ಟಿದ್ದೇವೆ. ಮಾಡ್‌ಪ್ಯಾಕ್ ಜೊತೆಯಲ್ಲಿ ಎಫ್‌ಟಿಬಿ ರ‍್ಯಾಂಕ್ಸ್ ಎಂಬ ಇನ್ನೊಂದು ಪರ್ಮಿಷನ್ ಮಾಡ್ ಬಂದಿದ್ದರೆ ಅದನ್ನು ತೆಗೆಯಿರಿ. ಎರಡೂ ಇದ್ದಾಗ ಚಂಕ್ಸ್ ಕೇಳುವುದು ರ‍್ಯಾಂಕ್ಸ್ ಮಾತನ್ನು. ಲಕ್‌ಪರ್ಮ್ಸ್‌ನಲ್ಲಿ ನೀವು ಬದಲಿಸಿದ ಸಂಖ್ಯೆ ಅದಕ್ಕೆ ಕಾಣುವುದೇ ಇಲ್ಲ. ತೆಗೆಯುವ ಮುಂಚೆ ರ‍್ಯಾಂಕ್ಸ್ ಫೈಲ್ ತೆರೆದು ಅಲ್ಲಿನ ಮೌಲ್ಯಗಳನ್ನು ಒಂದೊಂದಾಗಿ ಮೆಟಾಗೆ ಬರೆದುಕೊಳ್ಳಿ.

ಇಷ್ಟಾದ ಮೇಲೆ ಆಪ್ ತೆಗೆಯುವ ಕೆಲಸ. ಪೇಪರ್‌ನ ಲಕ್‌ಪರ್ಮ್ಸ್ ಕಾನ್ಫಿಗ್‌ನಲ್ಲಿ ಎನೇಬಲ್-ಆಪ್ಸ್ ಅನ್ನು ಫಾಲ್ಸ್ ಮಾಡಿದರೆ ಇರುವ ಆಪ್ ಹೋಗುತ್ತದೆ, ಹೊಸದಾಗಿ ಕೊಡಲೂ ಬರುವುದಿಲ್ಲ. ಫೋರ್ಜ್‌ನಲ್ಲಿ ಸರ್ವರ್ ನಿಲ್ಲಿಸಿ ‘ಆಪ್ಸ್.ಜೇಸನ್’ ಖಾಲಿ ಮಾಡಬೇಕು. ಇಲ್ಲಿ ಒಂದು ಅಡ್ಡಿ ಇದೆ: ಕೆಲವು ಮಾಡ್‌ಗಳಿಗೆ ಪರ್ಮಿಷನ್ ಎಪಿಐ (ನೋಡ್ ಬಗ್ಗೆ ಕೇಳುವ ದಾರಿ) ಗೊತ್ತೇ ಇಲ್ಲ, ಆಪ್ ಮಟ್ಟ 2 ಇದೆಯೇ ಎಂದು ಮಾತ್ರ ನೋಡುತ್ತವೆ. ಕಮಾಂಡ್ ಆದರೆ ಕಾವಲು ಸಾಕು, ಬ್ಲಾಕ್ ಅಥವಾ ಸ್ಕ್ರೀನ್ ಮೂಲಕ ಕೇಳಿದರೆ ಲಕ್‌ಪರ್ಮ್ಸ್‌ಗೆ ಪ್ರಶ್ನೆಯೇ ತಲುಪುವುದಿಲ್ಲ. ಅಂಥ ಮಾಡ್ ಬೇಕೇ ಬೇಕಾದ ಬಿಲ್ಡರ್‌ಗೆ ‘ಆಪ್ಸ್.ಜೇಸನ್’ನಲ್ಲಿ ಕೈಯಿಂದ ಮಟ್ಟ 2 ಬರೆಯುತ್ತೇವೆ. ಜೊತೆಗೆ ಬಿಲ್ಡರ್ ಗ್ರೂಪ್‌ನಲ್ಲಿ ‘ಕಮಾಂಡ್.*’ ಅನ್ನು ಫಾಲ್ಸ್ ಮಾಡಿ, ಬೇಕಾದ ಕಮಾಂಡ್‌ಗಳನ್ನು ಒಂದೊಂದಾಗಿ ಟ್ರೂ ಮಾಡುತ್ತೇವೆ. ನೇರವಾಗಿ ಬರೆದ ನೋಡ್ ವೈಲ್ಡ್‌ಕಾರ್ಡ್ ಅನ್ನು ಮೀರುತ್ತದೆ, ಫಾಲ್ಸ್ ಆಪ್ ಮಟ್ಟವನ್ನು ಮೀರುತ್ತದೆ. ಹಾಗಾಗಿ ಅವರ ಕೈಗೆ ಗಿವ್, ಗೇಮ್‌ಮೋಡ್ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಇದು.

ನೋಡ್ ಹೆಸರು ಗೊತ್ತಿಲ್ಲದಿದ್ದರೆ ಊಹಿಸಬೇಡಿ. ಕನ್ಸೋಲ್‌ನಲ್ಲಿ ‘ಎಲ್‌ಪಿ ವರ್ಬೋಸ್ ಆನ್’ ಮುಂದೆ ಆಟಗಾರನ ಹೆಸರು ಕೊಟ್ಟು, ಆ ಆಟಗಾರನಿಗೆ ಆ ಕೆಲಸ ಮಾಡಲು ಹೇಳಿ. ಕೇಳಿದ ಪ್ರತಿ ನೋಡೂ ಉತ್ತರದ ಜೊತೆ ಸಾಲಾಗಿ ಬರುತ್ತದೆ. ಅನ್‌ಡಿಫೈನ್ಡ್ ಎಂದು ಬಂದ ಸಾಲೇ ನೀವು ಬರೆಯಬೇಕಾದ ನೋಡ್. ಫಾಲ್ಸ್ ಬಂದರೆ ಯಾವುದೋ ಗ್ರೂಪ್ ತಡೆಯುತ್ತಿದೆ, ‘ಪರ್ಮಿಷನ್ ಚೆಕ್’ ಕೊಟ್ಟರೆ ಯಾವ ಗ್ರೂಪ್ ಎಂದು ಅದೇ ಹೇಳುತ್ತದೆ. ಸಾಲೇ ಬರದಿದ್ದರೆ ಆ ಮಾಡ್ ಲಕ್‌ಪರ್ಮ್ಸ್ ಅನ್ನು ಕೇಳುತ್ತಲೇ ಇಲ್ಲ, ಮೇಲಿನ ಬಿಲ್ಡರ್ ದಾರಿಯೇ ಗತಿ. ಮೊಹಿಸ್ಟ್, ಆರ್ಕ್‌ಲೈಟ್‌ನಂಥ ಹೈಬ್ರಿಡ್ ಸರ್ವರ್ (ಮಾಡ್, ಪ್ಲಗಿನ್ ಎರಡನ್ನೂ ಓಡಿಸುವಂಥದ್ದು) ಓಡಿಸುವವರಿಗೂ ವರ್ಬೋಸ್ ಒಂದೇ ನಂಬಬಹುದಾದ ಸಾಕ್ಷಿ. ಅಲ್ಲಿ ಮಾಡ್ ರೂಪದ ಲಕ್‌ಪರ್ಮ್ಸ್, ಪ್ಲಗಿನ್ ರೂಪದ್ದು ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೇ ಹಾಕಿ, ಮಾಡ್‌ಗಳ ಪ್ರಶ್ನೆ ಅದಕ್ಕೆ ತಲುಪುತ್ತಿದೆಯೇ ನೋಡಿ.

ಕೊನೆಯ ಪರೀಕ್ಷೆಯನ್ನು ಅಡ್ಮಿನ್ ಖಾತೆಯಿಂದ ಮಾಡಬೇಡಿ, ಅದಕ್ಕೆ ಎಲ್ಲವೂ ತೆರೆದೇ ಇರುತ್ತದೆ. ಡೀಫಾಲ್ಟ್ ಗ್ರೂಪ್‌ನಲ್ಲಿರುವ ಬೇರೊಂದು ಖಾತೆಯಿಂದ ಎರಡೂ ಸರ್ವರ್‌ಗೆ ಹೋಗಿ, ಸ್ಲ್ಯಾಶ್ ಒತ್ತಿ ಟ್ಯಾಬ್‌ನಲ್ಲಿ ಬರುವ ಕಮಾಂಡ್ ಪಟ್ಟಿ ಓದಿ. ಇರಬಾರದ್ದು ಕಂಡರೆ ಅದರ ನೋಡ್ ಅನ್ನು ಡೀಫಾಲ್ಟ್ ಗ್ರೂಪ್‌ನಲ್ಲಿ ಫಾಲ್ಸ್ ಮಾಡಿ. ಮಾಡ್‌ಪ್ಯಾಕ್ ಅಪ್‌ಡೇಟ್ ಆದಾಗಲೆಲ್ಲ, ಆಟಗಾರರಿಗೆ ಬಾಗಿಲು ತೆರೆಯುವ ಮುಂಚೆ, ಈ ಪಟ್ಟಿಯನ್ನು ಮತ್ತೊಮ್ಮೆ ಓದುತ್ತೇವೆ. ಹೊಸ ಮಾಡ್ ಏನೆಲ್ಲ ಕಮಾಂಡ್ ತಂದಿದೆ ಎಂಬುದು ಮೊದಲು ಕಾಣುವುದು ಅಲ್ಲೇ.